ಅಪಾರ ಬಂಧುಬಳಗ

ಅಂಗಿಯ ಜೇಬಿನಲ್ಲಿ ಎರಡು ಪೆನ್ನುಗಳಿದ್ದರೂ ಎರಡೂ ಬರೆಯಲಾರವು ಎಂಬ ಅನುಮಾನ ಬಸ್ಸು ರೋಣ ಬಿಟ್ಟಾಗಿನಿಂದ ಮಾಲತೇಶನನ್ನು ಕಾಡುತ್ತಿತ್ತು. ಒಂದನ್ನು ತೆಗೆದು ಅಂಗೈ ಮೇಲೆ ಗೀಚಿದ, ಬರೆಯಿತು. ಇನ್ನೊಂದೂ ಬರೆಯಿತು. ಬರೆಯದೆ ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿ, ಅರವತ್ತೇಳು ವರ್ಷದವನು ಪೆನ್ನಿನ ಮೇಲೆ ತಪ್ಪು ಹೊರಿಸಲು ಹೊರಟಿದ್ದೇನಲ್ಲ ಎಂದು ತನ್ನನ್ನೇ ಬೈದುಕೊಂಡ. ಗಜೇಂದ್ರಗಡದಲ್ಲಿ, ಹಳೆಯ ನಿಧನ ವಾರ್ತೆಗಳಿಂದ ಸುತ್ತಲಿನ ಊರುಗಳ ವಂಶಾವಳಿ ಜೋಡಿಸುತ್ತಿದ್ದ ಶ್ರದ್ಧಾ ಎಂಬ ಕಾಲೇಜು ಗ್ರಂಥಪಾಲಕಿ ಒಂದು ಕಾಗದ ಸಿದ್ಧಮಾಡಿಕೊಂಡು ಕಾಯುತ್ತಿದ್ದಳು. ಅದರಲ್ಲಿದ್ದದ್ದು ಇಷ್ಟೇ: ‘ಈ ಕೆಳಗೆ ಪಟ್ಟಿ ಮಾಡಿರುವ ಆರುನೂರ ಹದಿನಾಲ್ಕು ನಿಧನ ವಾರ್ತೆಗಳು ನನ್ನ ಸ್ವಂತ ಬರಹ. ಇವನ್ನು ವಂಶಾವಳಿಯ ಜಾಲತಾಣದಲ್ಲಿ ಹಾಕಲು ನನ್ನ ಒಪ್ಪಿಗೆ ಇದೆ.’ ಕೆಳಗೆ ಅವನ ಸಹಿ ಬೀಳಬೇಕು. ಹೈಸ್ಕೂಲಿನಲ್ಲಿ ಗುಮಾಸ್ತನಾಗಿದ್ದುಕೊಂಡೇ ಇಪ್ಪತ್ತಾರು ವರ್ಷ ‘ಬೆಣ್ಣಿಹಳ್ಳ ವಾರ್ತೆ’ ಪತ್ರಿಕೆಗೆ ಅವನು ಅರೆಕಾಲಿಕ ವರದಿಗಾರನಾಗಿದ್ದ. ಪತ್ರಿಕೆ ನಿಂತು ಆರು ವರ್ಷವಾಗಿತ್ತು. ಈಗ ಅದರ ಹೆಸರನ್ನೂ ಹಳೆಯ ಸಂಚಿಕೆಗಳನ್ನೂ ಯಾರೋ ಕೊಂಡಿದ್ದರು. ಕೊಂಡವರು ಶ್ರದ್ಧಾಳಿಗೆ ನೋಟೀಸು ಕಳಿಸಿದ್ದರು. ನಮ್ಮ ಪತ್ರಿಕೆಯ ಬರಹಗಳನ್ನು ನಮ್ಮನ್ನು ಕೇಳದೆ ಜಾಲತಾಣದಲ್ಲಿ ಹಾಕಿದ್ದೀರಿ, ಸೋಮವಾರದೊಳಗೆ ತೆಗೆಯಿರಿ ಎಂದು. ಮಾಲತೇಶ ಸಹಿ ಮಾಡಿದರೆ ಉಳಿಯುತ್ತವೆ, ಮಾಡದಿದ್ದರೆ ಹೋಗುತ್ತವೆ. ಫೋನಿನಲ್ಲಿ ಇದನ್ನೆಲ್ಲ ಹೇಳಿ ಮುಗಿಸಿದ ಮೇಲೆ ಅವಳು ಹಗುರವಾಗಿ ಇನ್ನೊಂದು ಮಾತು ಸೇರಿಸಿದ್ದಳು: “ಆ ಮುನ್ನೂರ ಎಂಬತ್ತೇಳನೇದ್ದರ ಬಗ್ಗೆ ಒಂದಿಷ್ಟು ಕೇಳೋದೈತ್ರಿ ಕಾಕಾರ. ಬಂದಾಗ ಕೇಳ್ತೀನಿ.” ಕ್ರಮಸಂಖ್ಯೆ ಹೇಳಿದರೆ ಅವನಿಗೇನು ನೆನಪಾಗಬೇಕು? ಆದರೂ ಕೇಳಿದೊಡನೆ ಅದು ಯಾರದೆಂದು ಅವನಿಗೆ ಗೊತ್ತಾಗಿಹೋಯಿತು. ಬೆಳಿಗ್ಗೆ ಚಪ್ಪಲಿ ಮೆಟ್ಟುವಾಗ ಹೆಂಡತಿ ಮಹೇಶ್ವರಿ ಒಳಗಿನಿಂದಲೇ ಕೇಳಿದ್ದಳು, “ನಮ್ಮ ಲಗ್ನದಾಗ ನನಗ ಖಣ ಕೊಟ್ಟಿದ್ಲಲ್ಲ ಆ ಮುದುಕಿ, ಆಕೀ ಹೆಸರೂ ಅದರಾಗ ಐತೇನ್ರಿ?” ಅವನು ಕೇಳಿಸದವನಂತೆ ಹೊರಗೆ ಬಂದಿದ್ದ.

ಮೂರು ಸಾಲಿನ ನಿಧನ ವಾರ್ತೆ ಬರೆಯಲು ತಲೆ ಬೇಕಾಗಿರಲಿಲ್ಲ, ಕೈ ಸಾಕಿತ್ತು. ಊರು, ಹೆಸರು, ಕಂಸದಲ್ಲಿ ವಯಸ್ಸು, ವಾರದ ಹೆಸರು, ನಿಧನರಾದರು. ಮೃತರಿಗೆ ಪತ್ನಿ, ಇಬ್ಬರು ಪುತ್ರರು, ಮೂವರು ಪುತ್ರಿಯರು ಹಾಗೂ ಅಪಾರ ಬಂಧುಬಳಗ ಇದೆ. ಮೊದಮೊದಲು ರೋಣದ ಎಸ್‌ಟಿಡಿ ಬೂತಿನಲ್ಲಿ ನಿಂತು ಗದಗಿನ ಕಚೇರಿಗೆ ಕೂಗಿ ಹೇಳಬೇಕಾಗುತ್ತಿತ್ತು. ಅವನು ‘ನಿಧನ’ ಎಂದು ಕೂಗಿದ ಕೂಡಲೇ ಹಿಂದೆ ಪಾಳಿ ಹಚ್ಚಿದವರು ಗಪ್ಪಾಗುತ್ತಿದ್ದರು, ಯಾರದು ಎಂದು ಕಿವಿಗೊಡುತ್ತಿದ್ದರು. ಸತ್ತವರ ಮನೆಯವರು ಪಾಸ್‌ಪೋರ್ಟ್ ಅಳತೆಯ ಫೋಟೋ ಹಿಡಿದು ಬರುತ್ತಿದ್ದರು; ಇದ್ದಾಗ ಒಂದು ಲೋಟ ನೀರು ಕೊಡದ ಸೊಸೆಯರು ‘ನಮ್ಮ ಮಾವಾರ ಹೆಸರು ದಪ್ಪ ಅಕ್ಷರದಾಗ ಬರ್ಲಿ’ ಅನ್ನುತ್ತಿದ್ದರು. ಮಕ್ಕಳ ಹೆಸರಿನ ಸರದಿಗಾಗಿ ಹೆಣ ಇನ್ನೂ ಅಂಗಳದಲ್ಲಿರುವಾಗಲೇ ಜಗಳವಾದದ್ದಿತ್ತು. ಇವನು ಎಲ್ಲರಿಗೂ ‘ಹೌದ್ರಿ, ಹೌದ್ರಿ’ ಅಂದು, ಕೊನೆಗೆ ಯಾರೂ ಕೇಳದಿದ್ದರೂ ಅಪಾರ ಬಂಧುಬಳಗ ಎಂದು ಸೇರಿಸುತ್ತಿದ್ದ. ಜಾಗ ಸಾಲದಿದ್ದರೆ ಕಚೇರಿಯವರು ಕೆಳಗಿನಿಂದಲೇ ಕತ್ತರಿಸುತ್ತಿದ್ದರು, ಆದರೂ ಆ ಎರಡು ಪದಗಳನ್ನು ಅವರು ಒಮ್ಮೆಯೂ ಮುಟ್ಟಲಿಲ್ಲ. ಬಸ್ಸು ಜಕ್ಕಲಿಯಲ್ಲಿ ನಿಂತಿತು. ಅದು ಹೆಂಡತಿಯ ತವರು. ಇಳಿದವರಲ್ಲಿ ಇಬ್ಬರು ಅವನಿಗೆ ಕೈಮುಗಿದರು, ಒಬ್ಬನ ತಂದೆಯನ್ನು ಇವನು ಪತ್ರಿಕೆಯಲ್ಲಿ ಹಾಕಿದ್ದ. ಹಾಕಿದ್ದ ಅನ್ನುವುದೇ ಮಾತು. ‘ನಮ್ಮಪ್ಪನ್ನ ನೀವ ಹಾಕಿದ್ರಿ’ ಎಂದು ಜನ ಮಣ್ಣು ಕೊಟ್ಟವನನ್ನು ನೆನೆಯುವ ಹಾಗೆ ನೆನೆಯುತ್ತಿದ್ದರು.

ಹೊಳೆಮಣ್ಣೂರಿನಲ್ಲಿ ಅವನ ಹೆತ್ತ ತಾಯಿ ತೀರಿದಾಗ ಅವನಿಗೆ ನಾಲ್ಕು ವರ್ಷ. ಮುಂದಿನ ಸುಗ್ಗಿಯ ಹೊತ್ತಿಗೆ ತಂದೆ ಪರಶಪ್ಪ ಸಕ್ಕೂಬಾಯಿಯನ್ನು ಉಡಿಕೆ ಮಾಡಿಕೊಂಡ. ಗಂಡ ಸತ್ತವಳಿಗೆ ಹಸಿರು ಬಳೆ ಇಟ್ಟು, ಹೊಸ ಸೀರೆ ಉಡಿಸಿ, ದೀಪ ಹಚ್ಚುವ ಹೊತ್ತಿಗೆ ಮನೆ ತುಂಬಿಸಿಕೊಳ್ಳುವುದು. ಅದಕ್ಕೆ ಬಾಜಾಭಜಂತ್ರಿ ಇಲ್ಲ, ಹಂದರ ಇಲ್ಲ, ಲಗ್ನಪತ್ರಿಕೆ ಅಂತೂ ಇಲ್ಲವೇ ಇಲ್ಲ. ಅವಳ ಹೆಸರು ಅಚ್ಚಾಗುವ ಮೊದಲ ಅವಕಾಶ ಹಾಗೆ ತಪ್ಪಿಹೋಯಿತು ಎಂದು ಮಾಲತೇಶನಿಗೆ ಹೊಳೆದದ್ದು ಈ ಬಸ್ಸಿನಲ್ಲಿ, ಅರವತ್ತು ವರ್ಷಗಳ ಮೇಲೆ. ಅವಳ ಬಳೆ ಹೊಸದಾಗಿದ್ದರಿಂದ ಕೈ ಎತ್ತಿದರೆ ಸಪ್ಪಳ ಬಹಳ. ಆ ಸಪ್ಪಳಕ್ಕೆ ಅವನು ಎರಡು ದಿನ ಹೆದರಿ ದನ ಮೇಯುವ ಗ್ವಾದಲಿ ಹಿಂದೆ ಅಡಗಿದ್ದ, ಮೂರನೆಯ ದಿನ ಅದೇ ಸಪ್ಪಳ ಕೇಳದೆ ಅತ್ತ. ಹೊಲ ಮಲಪ್ರಭೆಯ ಆಚೆ ದಂಡೆಗಿತ್ತು. ಅವನನ್ನು ಟೊಂಕದ ಮೇಲೆ ಹೊತ್ತು ಹೊಳೆ ದಾಟುವಾಗ ನೀರಿನ ಸೆಳೆತ ನೋಡಿ ಅವನಿಗೆ ತಲೆ ತಿರುಗುತ್ತಿತ್ತು. “ಹೊಳೀ ನೋಡಬ್ಯಾಡೋ, ದಂಡೀ ನೋಡು” ಅನ್ನುತ್ತಿದ್ದಳು. ಅವನು ಅವಳನ್ನು ಯವ್ವಾ ಎಂದೇ ಕರೆಯುತ್ತಿದ್ದ. ಹಾಗೆಂದು ಯಾರೂ ಹೇಳಿಕೊಟ್ಟಿರಲಿಲ್ಲ, ಬಾಯಿಗೆ ತಾನಾಗಿ ಬಂದಿತ್ತು. ಪರಶಪ್ಪ ಸತ್ತಾಗ ಅವನಿಗೆ ಹನ್ನೊಂದು. ಹೆತ್ತ ತಾಯಿಯ ಅಣ್ಣ ನರಗುಂದದಿಂದ ಬಂದು, ಹುಡುಗನಿಗೆ ಚಲೋ ಸಾಲಿ ಆಗಬೇಕು ಎಂದು ಕರೆದುಕೊಂಡು ಹೋದ. ನರಗುಂದದ ಮನೆಯಲ್ಲಿ ಒಂದು ದಿನ ಊಟಕ್ಕೆ ಕೂತಾಗ ‘ನಮ್ಮವ್ವ ಹಿಂಗ ರೊಟ್ಟಿ ಮಾಡೂದಿಲ್ಲ’ ಅಂದುಬಿಟ್ಟ. ಅತ್ತೆ ರೊಟ್ಟಿ ತಟ್ಟುವುದನ್ನು ನಿಲ್ಲಿಸದೆ ಅಂದಳು, “ನಿಮ್ಮವ್ವ ಸತ್ತಾಳ. ಆಕಿ ಉಡಕೀದಾಕಿ. ಆಕಿಗೆ ಅವ್ವ ಅನ್ನಬಾರದು.” ಏನನ್ನಬೇಕು ಎಂದು ಅವನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಅಲ್ಲಿಂದ ಮುಂದೆ ಸಕ್ಕೂಬಾಯಿ ಅವನ ಬಾಯಲ್ಲಿ ಬರೀ ‘ಆಕಿ’ಯಾಗಿ ಉಳಿದಳು.

ಮದುವೆಗೆ ಅವಳನ್ನು ಕರೆದಿರಲಿಲ್ಲ, ಆದರೂ ಬಂದಿದ್ದಳು. ಹಂದರದ ಹಿಂದುಗಡೆ, ಭಾಂಡೆ ತಿಕ್ಕುವ ಹೆಂಗಸರ ನಡುವೆ ಕೂತು, ತಾನೂ ಒಂದು ಪಾತ್ರೆ ಎಳೆದುಕೊಂಡು ಬೂದಿ ಹಚ್ಚುತ್ತಿದ್ದಳು. ಬೀಗರ ಕಡೆಯ ಯಾರೋ, ಆ ಮುದುಕಿ ಯಾರು, ವಧುವಿನ ಉಡಿಗೆ ಖಣ ಹಾಕಬೇಕು ಅಂತಾಳಲ್ಲ ಎಂದು ಕೇಳಿದರು. ಮದುಮಗ ಬಾಸಿಂಗ ಸರಿಪಡಿಸಿಕೊಳ್ಳುತ್ತ ‘ಹೊಳೆಮಣ್ಣೂರಾಕಿ, ನಮಗ ಪರಿಚಯದಾಕಿ’ ಅಂದ. ಆಗ ಅವಳು ಎರಡು ಮಾರು ದೂರದಲ್ಲೇ ನಿಂತಿದ್ದಳು. ‘ಹೌದ್ರಿ, ಪರಿಚಯ’ ಎಂದು ತಾನೂ ಅಂದು, ಖಣವನ್ನು ಮಹೇಶ್ವರಿಯ ಕೈಯಲ್ಲಿಟ್ಟು, ಊಟ ಮಾಡಿಯೇ ಹೋದಳು. ಊಟ ಮಾಡದೆ ಹೋಗಿದ್ದರೆ ಅವನಿಗೆ ಅವಳ ಮೇಲೆ ಸಿಟ್ಟಾದರೂ ಬರುತ್ತಿತ್ತು, ಈ ನಲವತ್ತು ವರ್ಷ ಹಗುರವಾಗುತ್ತಿತ್ತು.

ಮಹಾಪೂರ ಬಂದು ಹೊಳೆಮಣ್ಣೂರಿನ ಅರ್ಧ ಮನೆಗಳು ಕುಸಿದ ಮೇಲೆ ಜನರನ್ನು ತಗಡಿನ ಶೆಡ್ಡುಗಳಲ್ಲಿ ಇಟ್ಟಿದ್ದರು. ಎರಡನೆಯ ವರ್ಷದ ಬೇಸಿಗೆಯಲ್ಲಿ, ಶೆಡ್ಡಿನವರ ಗೋಳು ಬರೆಯಲು ಹೋದ ಮಾಲತೇಶನಿಗೆ ಏಳನೆಯ ಶೆಡ್ಡಿನ ಮುಂದೆ ನಾಲ್ಕು ಮಂದಿ ಸುಮ್ಮನೆ ನಿಂತದ್ದು ಕಂಡಿತು. ಒಳಗೆ ಸಕ್ಕೂಬಾಯಿ ಸತ್ತು ಮಲಗಿದ್ದಳು. ಪಕ್ಕದ ಶೆಡ್ಡಿನ ಮೋದಿನಸಾಬ ಹೊರಗೆ ಬಂದು ಇವನ ಕೈಯಲ್ಲಿದ್ದ ನೋಟ್‌ಬುಕ್ ನೋಡಿ ಕೈಮುಗಿದ. “ಪೇಪರಿನ್ಯಾಗ ಹಾಕ್ರಿ ಸಾಹೇಬ್ರ. ಮುದುಕಿಗೆ ಯಾರೂ ಇಲ್ಲ. ಯಾರರ ಬಂಧುಬಳಗ ಇದ್ರ ಓದಿ ಬರ್ತಾರ.” ಮಾಲತೇಶ ಹೆಸರು ಕೇಳಿದ! ಮೋದಿನಸಾಬ ಹೇಳಿದ. ಇವನು ಬರೆದುಕೊಂಡ. ವಯಸ್ಸು ಯಾರಿಗೂ ಗೊತ್ತಿರಲಿಲ್ಲ. ಎಪ್ಪತ್ತೆಂಟು ಎಂದು ಇವನೇ ಹಾಕಿದಾಗ, ಎಷ್ಟು ಬರೋಬ್ಬರಿ ಅಂದಾಜು ಸಾಹೇಬರದು ಎಂದು ಒಬ್ಬ ತಲೆದೂಗಿದ. ಮಣ್ಣು ಮಾಡುವಾಗ ಎಲ್ಲರೂ ಒಂದೊಂದು ಹಿಡಿ ಹಾಕಿದರು. ಇವನ ಒಂದು ಕೈಯಲ್ಲಿ ನೋಟ್‌ಬುಕ್ಕು, ಇನ್ನೊಂದರಲ್ಲಿ ಪೆನ್ನು, ಖಾಲಿ ಕೈ ಇರಲಿಲ್ಲ. ರೋಣಕ್ಕೆ ಬಂದು ಬರೆದ: ‘ಹೊಳೆಮಣ್ಣೂರ: ಇಲ್ಲಿನ ಸಕ್ಕೂಬಾಯಿ (78) ಶುಕ್ರವಾರ ನಿಧನರಾದರು. ಮೃತರಿಗೆ’ ಅಲ್ಲಿಗೆ ಪೆನ್ನು ನಿಂತಿತು. ಒಬ್ಬ ಪುತ್ರ ಎಂದು ಬರೆಯಲು ಎರಡೇ ಪದ ಸಾಕಿತ್ತು. ಆ ಎರಡು ಪದಗಳ ಜಾಗದಲ್ಲಿ ಇನ್ನೆರಡು ಪದ ಇಟ್ಟ: ‘ಅಪಾರ ಬಂಧುಬಳಗ ಇದೆ.’ ಓದಿ ಯಾರೂ ಬರಲಿಲ್ಲ. ಬರಬೇಕಾದವನೇ ಬರೆದವನಾಗಿದ್ದ.

ಗಜೇಂದ್ರಗಡದಲ್ಲಿ ಇಳಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಶ್ರದ್ಧಾಳ ಮನೆಯ ಪಡಸಾಲೆಯಲ್ಲಿ ಅವಳ ಮಾವ, ನಿವೃತ್ತ ವಕೀಲ ಶ್ರೀಧರರಾಯರು, ಜೋಕಾಲಿಯ ಮೇಲೆ ಕೂತಿದ್ದರು. ಅವರಿಗೆ ಈ ನೋಟೀಸು ಬಂದದ್ದರಿಂದ ಹತ್ತು ವರ್ಷ ಕಡಿಮೆಯಾದಂತಿತ್ತು. “ಬರ್ರಿ ಬರ್ರಿ, ನೀವ ಏನ್ರಿ ನಮ್ಮ ಯಮಧರ್ಮನ ಕಾರಕೂನರು!” ಎಂದು ನಕ್ಕು, ನೀರು ಕುಡಿಯುವುದಕ್ಕೂ ಬಿಡದೆ ಕೇಳಿದರು, “ಪತ್ರಿಕೆಯವರು ನಿಮಗ ನೇಮಕಾತಿ ಆದೇಶ ಕೊಟ್ಟಿದ್ರೇನು?”

“ಒಂದು ಗುರುತಿನ ಚೀಟಿ ಕೊಟ್ಟಿದ್ರರಿ. ಅದೂ ಒಂದ ವರ್ಷದ್ದು. ಮುಂದ ಅದನ್ನ ತೋರಿಸ್ಕೊಂತ ತಿರಗ್ಯಾಡಿದೆ.”

“ಅಂದ್ರ ನೀವು ಅವರ ನೌಕರ ಅಲ್ಲ. ನನ್ನ ತಿಳುವಳಿಕಿ ಪ್ರಕಾರ ಬರದದ್ದು ನಿಮ್ಮ ಸ್ವತ್ತು.” ಆಮೇಲೆ ಬೆರಳೆತ್ತಿದರು. “ಆದ್ರ ಒಂದ ಮಾತು. ಇಂಥಾವ ಸತ್ತ, ಇಷ್ಟು ವಯಸ್ಸಿತ್ತು, ಇಷ್ಟು ಮಕ್ಕಳು. ಇದು ನಡದ ಸಂಗತಿ. ಖರೇ ಸಂಗತಿ ಮ್ಯಾಲೆ ಯಾರಿಗೂ ಹಕ್ಕಿಲ್ಲ, ಅವರಿಗೂ ಇಲ್ಲ, ನಿಮಗೂ ಇಲ್ಲ. ನೀವು ನಿಮ್ಮ ತಲೀಯಿಂದ ಏನರ ಕಟ್ಟಿ ಬರದಿದ್ರ ಅದಷ್ಟ ನಿಮ್ದು. ಈಗ ಹೇಳ್ರಿ, ಆರುನೂರ ಹದಿನಾಲ್ಕರಾಗ ನೀವು ಸ್ವಂತ ಕಟ್ಟಿದ್ದು ಎಷ್ಟು?”

“ಮಾವಾರ, ಪಾಪ, ಈಗ ಬಂದಾರ” ಎಂದು ಶ್ರದ್ಧಾ ಚಹಾ ತಂದಿಟ್ಟಳು. ಮಾಲತೇಶ ಚಹಾವನ್ನು ಬಸಿಗೆ ಬಗ್ಗಿಸಿಕೊಂಡ. ಸ್ವಂತ ಕಟ್ಟಿದ್ದು ಒಂದೇ. ಇಪ್ಪತ್ತಾರು ವರ್ಷ ಬರೆದದ್ದೆಲ್ಲ ಮಂದಿ ಹೇಳಿದ್ದು, ಇಲ್ಲವೇ ಕೈಗೆ ರೂಢಿಯಾದದ್ದು. ಅವನ ತಲೆಯಿಂದ, ಅವನ ಹೊಟ್ಟೆಯಿಂದ ಹುಟ್ಟಿದ್ದು ಮುನ್ನೂರ ಎಂಬತ್ತೇಳನೆಯದರ ಆ ಎರಡು ಪದ ಮಾತ್ರ. ಬರೆದಿದ್ದೇನೆ ಎಂದು ಎದೆ ಮುಟ್ಟಿ ಹೇಳಿಕೊಳ್ಳಬಹುದಾದ ಒಂದೇ ಬರಹ ಸುಳ್ಳಾಗಿತ್ತು. ಅದನ್ನು ಈ ನಗುವ ಮನುಷ್ಯನ ಎದುರಿಗೆ ಹೇಗೆ ಹೇಳುವುದು? ಸಹಿ ಮಾಡದೆ, ಕಣ್ಣು ಕಾಣುತ್ತಿಲ್ಲ, ನಾಳೆ ಬರುತ್ತೇನೆ ಎಂದು ಎದ್ದುಬಿಟ್ಟರೆ ಸೋಮವಾರ ಎಲ್ಲವೂ ಅಳಿಯುತ್ತದೆ. ಅವುಗಳ ಜೊತೆಗೆ ಸಕ್ಕೂಬಾಯಿಯದೂ. ಅವಳ ಹೆಸರು ಭೂಮಿಯ ಮೇಲೆ ಅಚ್ಚಾಗಿದ್ದದ್ದು ಅದೊಂದೇ ಕಡೆ. ಅಲ್ಲಿಂದಲೂ ಹೋದರೆ ತನ್ನನ್ನು ಕೇಳುವವರು ಯಾರೂ ಇರುವುದಿಲ್ಲ. ಈ ಯೋಚನೆ ಎಷ್ಟು ಸಲೀಸಾಗಿ ಬಂತೆಂದರೆ ಅವನಿಗೆ ತನ್ನ ಬಗ್ಗೆಯೇ ಹೇಸಿಗೆಯಾಯಿತು.

“ಸಹಿ ಆಮ್ಯಾಲ ಮಾಡೀರಂತ, ಮೊದಲ ನೋಡ್ರಿ ಕಾಕಾರ” ಎಂದು ಶ್ರದ್ಧಾ ಗೋಡೆಯ ಟಿವಿ ಹಚ್ಚಿ, ಅದಕ್ಕೆ ತನ್ನ ಲ್ಯಾಪ್‌ಟಾಪ್ ಜೋಡಿಸಿದಳು. ಪರದೆಯ ತುಂಬ ಹೆಸರು ಬರೆದ ಸಣ್ಣ ಚೌಕಗಳು, ಅವುಗಳ ನಡುವೆ ಗೆರೆಗಳು. ಮೊದಲು ಅವನಿಗೆ ತಲೆಬುಡ ತಿಳಿಯಲಿಲ್ಲ. ಆಮೇಲೆ ಒಂದು ಹೆಸರು ಗುರುತು ಸಿಕ್ಕಿತು: ಲಕ್ಕಲಕಟ್ಟಿಯ ಮಲ್ಲೇಶಪ್ಪ, ಹೊಲದ ಬದುವಿನ ಜಗಳದಲ್ಲಿ ತಮ್ಮನ ಮುಖ ನೋಡದೆ ಸತ್ತವನು. ಅವನಿಂದ ಗೆರೆ ಹಿಡಿದು ಹೋದರೆ ಅವನ ಮಗಳು ನರಗುಂದದ ಲಕ್ಷ್ಮೀ. ಹೆರಿಗೆಯಲ್ಲಿ ತೀರಿದ ಅವಳ ಸುದ್ದಿಯನ್ನು ಇವನೇ ಬೂತಿನಲ್ಲಿ ನಿಂತು ಕೂಗಿದ್ದ. ಅವಳ ಗಂಡನ ಅಕ್ಕನನ್ನು ಜಕ್ಕಲಿಗೆ ಕೊಟ್ಟಿತ್ತು, ಜಕ್ಕಲಿಯ ಆ ಮನೆಯೆಂದರೆ ಮಹೇಶ್ವರಿಯ ದೊಡ್ಡಪ್ಪನ ಮನೆ. ಬೇರೆ ಬೇರೆ ವರ್ಷ, ಬೇರೆ ಬೇರೆ ಪುಟದ ಮೂಲೆಗಳಲ್ಲಿ ಮೂರು ಮೂರು ಸಾಲಾಗಿ ಮುದುಡಿಕೊಂಡಿದ್ದವರೆಲ್ಲ ಇಲ್ಲಿ ಎದ್ದು ನಿಂತು ಒಬ್ಬರ ಕೈ ಒಬ್ಬರು ಹಿಡಿದಿದ್ದರು. ಜಾತಿ ಬದಲಾಗುವ ಕಡೆ ಮಾತ್ರ ಗೆರೆಗಳು ಹೊಸ್ತಿಲಲ್ಲಿ ನಿಂತು ಹಿಂದಕ್ಕೆ ಹೊರಳಿದ್ದವು. ಅಷ್ಟರ ಮಟ್ಟಿಗೆ ಸತ್ತವರೂ ನಮ್ಮವರೇ. ಆದರೆ ಒಂದೊಂದು ಗುಂಪೂ ಎಷ್ಟು ದೊಡ್ಡದು! ಶ್ರದ್ಧಾ ಬೆರಳು ಆಡಿಸಿದ ಹಾಗೆಲ್ಲ ಹೆಸರುಗಳು ಮುಗಿಯದೆ ಬರುತ್ತಲೇ ಇದ್ದವು. ಪ್ರತಿ ಚೌಕದ ಕೆಳಗೆ ಆ ಮನುಷ್ಯನಿಗೆ ಎಷ್ಟು ಮಂದಿ ಸಂಬಂಧಿಕರು ಎಂಬ ಅಂಕಿ: ಒಂದು ಸಾವಿರದ ನೂರಾ ನಲವತ್ತೈದು, ಒಂದು ಸಾವಿರದ ನೂರಾ ನಲವತ್ತೈದು. ಮಾಲತೇಶ ಬಸಿ ಕೆಳಗಿಟ್ಟು, ತನಗೇ ಗೊತ್ತಿಲ್ಲದೆ ಎದ್ದು ನಿಂತ. ಅಪಾರ ಎಂದು ತಾನು ಕೈಗೆ ಬಂದಂತೆ ಬರೆದದ್ದು ಅಳತೆ ಮಾಡಿ ಬರೆದ ಹಾಗೆ ಖರೆಯಾಗಿತ್ತು. ಇಷ್ಟೊಂದು ಮಂದಿಯನ್ನು ತನ್ನ ಈ ಕೈ ದಾಟಿಸಿತೇ ಎಂದು ಮೈ ಜುಮ್ಮೆಂದಿತು.

“ನೀವೂ ಇದ್ದೀರಿ ನೋಡ್ರಿ” ಅಂದಳು ಶ್ರದ್ಧಾ. ಅವನಿದ್ದ, ಫೋನಿನಲ್ಲಿ ಅವಳು ಕೇಳಿ ಬರೆದುಕೊಂಡಿದ್ದ ತಂದೆ ಪರಶಪ್ಪ, ಹೆಂಡತಿ ಮಹೇಶ್ವರಿಯರ ಜೊತೆಗೆ. ನರಗುಂದದ ಸೋದರಮಾವ ಸತ್ತಾಗ ‘ಪತ್ರಕರ್ತ ಮಾಲತೇಶ ಇವರ ಸೋದರಳಿಯ’ ಎಂದು ಬೇಡದಿದ್ದರೂ ತನ್ನ ಹೆಸರು ತುರುಕಿದ್ದ, ಅದರಿಂದ ಬಂದಿದ್ದ. ಅಲ್ಲಿ ನಾಲ್ಕು ಪದ ಹೆಚ್ಚು ಬರೆಯಲು ನಾಚಿಕೆಯಾಗಿರಲಿಲ್ಲ.

ಶ್ರದ್ಧಾ ಪರದೆಯನ್ನು ಕೆಳಕ್ಕೆ, ಇನ್ನೂ ಕೆಳಕ್ಕೆ ಎಳೆದಳು. ಖಾಲಿ ಜಾಗ ಬಂತು. ಆ ಖಾಲಿಯ ನಡುವೆ ಒಂದೇ ಚೌಕ. ಮೇಲಕ್ಕೂ ಕೆಳಕ್ಕೂ ಗೆರೆ ಇಲ್ಲ, ಕೆಳಗಿನ ಅಂಕಿ ಸೊನ್ನೆ. “ಎಲ್ಲಾರಿಗೂ ಯಾರರ ಒಬ್ಬರು ಸಿಕ್ರು. ಇವರೊಬ್ಬರಿಗೆ ಯಾರೂ ಸಿಗವಲ್ರು. ಹೊಳೆಮಣ್ಣೂರಿನ ಸಕ್ಕೂಬಾಯಿ. ನೀವು ನೋಡಿದ್ರ ಅಪಾರ ಬಂಧುಬಳಗ ಐತಿ ಅಂತ ಬರದೀರಿ. ನೀವು ಸುಮ್ಮ ಸುಮ್ಮನ ಬರಿಯೂದಿಲ್ಲ ಅಂತ ನಾನೂ ನಾಲ್ಕು ತಿಂಗಳಾತು ಹುಡುಕಾಕತ್ತೀನಿ. ಯಾರ್ರಿ ಕಾಕಾರ ಅವರು?”

ಅವಳ ಮುಖದಲ್ಲಿ ಅನುಮಾನದ ಎಳೆಯೂ ಇರಲಿಲ್ಲ. ಅವಳು ಅವನನ್ನು ನಂಬಿ ನಾಲ್ಕು ತಿಂಗಳು ಹುಡುಕಿದ್ದಳು, ಮೋದಿನಸಾಬ ಅವನನ್ನು ನಂಬಿ ಮೂರು ದಿನ ಹಾದಿ ನೋಡಿದ್ದಿರಬೇಕು. ಜೋಕಾಲಿ ನಿಂತಿತ್ತು. ಮಾಲತೇಶ “ಆ ಕಾಗದ ಕೊಡ್ರಿ” ಅಂದ. ಪಟ್ಟಿಯ ಕೊನೆಯ ಹಾಳೆಯ ಕೆಳಗೆ ನಾಲ್ಕು ಬೆರಳು ಜಾಗವಿತ್ತು. ಪತ್ರಿಕೆಯಲ್ಲಿ ತಪ್ಪು ಬಿದ್ದಾಗ ಮಾರನೆಯ ದಿನ ಹಾಕುವ ಹಾಗೆ ‘ತಿದ್ದುಪಡಿ’ ಎಂದು ಬರೆದು ಕೆಳಗೆ ಗೆರೆ ಎಳೆದ. ಅದಕ್ಕೂ ಒಂದು ರೂಢಿ ಇತ್ತು, ಕೈ ತಾನಾಗಿ ಓಡಿತು: ‘ಕಣ್ತಪ್ಪಿನಿಂದ’. ಬರೆದು ಅದನ್ನೇ ನೋಡುತ್ತ ಕೂತ. ಕಣ್ಣು ಅವತ್ತು ತಪ್ಪಿರಲಿಲ್ಲ, ನೆಟ್ಟಗೆ ನೋಡಿತ್ತು. ಆ ಪದವನ್ನು ಹೊಡೆದು ಹಾಕಿ, ಮತ್ತೆ ಬರೆದ. ‘ಹೊಳೆಮಣ್ಣೂರಿನ ಸಕ್ಕೂಬಾಯಿ ಅವರ ನಿಧನ ವಾರ್ತೆಯಲ್ಲಿ, ಮೃತರಿಗೆ ಒಬ್ಬ ಪುತ್ರ ಇದ್ದಾನೆ ಎಂಬುದನ್ನು ಬರೆದವನು ಗೊತ್ತಿದ್ದೂ ಬಿಟ್ಟಿದ್ದಾನೆ.’ ಪತ್ರಿಕೆಯಲ್ಲಾದರೆ ಪುತ್ರ ‘ಇದ್ದಾರೆ’ ಎಂದೇ ಬರೆಯಬೇಕು. ಅದನ್ನು ತಿದ್ದಲಿಲ್ಲ.

ಶ್ರದ್ಧಾ ಓದಿದಳು. “ಯಾರ್ರಿ ಮಗ?”

“ಮಾಲತೇಶ ಪರಶಪ್ಪ ಅಂತ ಬರಕೋ ತಂಗಿ” ಅಂದ. ಇನ್ನೊಂದು ಮಾತು ಉಳಿದಿತ್ತು. “ಆಕಿ ನಮ್ಮವ್ವ. ಉಡಿಕಿ ಆಗಿ ಬಂದಾಕಿ ಅಂತ ನಾನು ನಾಚಿಕೊಂಡೆ. ಏಳು ವರ್ಷ ಟೊಂಕದ ಮ್ಯಾಲ ಹೊತ್ತಾಳ, ನಾ ಆಕಿನ್ನ ಪರಿಚಯದಾಕಿ ಅಂದೆ.”

ಶ್ರೀಧರರಾಯರು ಕಣ್ಣಿನ ಚಾಳೀಸು ತೆಗೆದು ಧೋತರದ ಅಂಚಿನಿಂದ ಒರೆಸತೊಡಗಿದರು. ಶ್ರದ್ಧಾ ಬೆರಳಚ್ಚು ಮಾಡಿ, ಒಂದು ಗುಂಡಿ ಒತ್ತಿದಳು. ಪರದೆ ಒಂದು ಕ್ಷಣ ಬೆಳ್ಳಗಾಯಿತು. ಕಂಪ್ಯೂಟರು ಕೆಟ್ಟಿತೇನೋ ಅಂದುಕೊಂಡ. ಆಮೇಲೆ ಎಲ್ಲ ಹೆಸರುಗಳೂ ಒಮ್ಮೆಲೇ ಅಲುಗಿ ಅತ್ತಿತ್ತ ಸರಿದವು. ತುಂಬಿದ ಬಸ್ಸಿನಲ್ಲಿ ಬಸುರಿಗೆ ಜಾಗ ಮಾಡಿಕೊಡುವ ಹಾಗೆ ನರಗುಂದದವರು, ಜಕ್ಕಲಿಯವರು, ಲಕ್ಕಲಕಟ್ಟಿಯವರು ತುಸು ತುಸು ಜರುಗಿದರು. ಖಾಲಿ ಜಾಗದಲ್ಲಿದ್ದ ಆ ಒಂದು ಚೌಕ ಮೇಲಕ್ಕೆ ಬಂದು ಪರಶಪ್ಪನ ಬಗಲಿಗೆ ನಿಂತಿತು. ಅಲ್ಲಿಂದ ಒಂದು ಗೆರೆ ಇಳಿದು ಮಾಲತೇಶನನ್ನು ಮುಟ್ಟಿತು. ಅವನಿಂದ ಮಹೇಶ್ವರಿಗೆ, ಅವಳ ದೊಡ್ಡಪ್ಪನಿಗೆ, ಲಕ್ಷ್ಮಿಗೆ, ಮಲ್ಲೇಶಪ್ಪನಿಗೆ, ಅವನು ಮುಖ ನೋಡದ ತಮ್ಮನಿಗೆ. ಸಕ್ಕೂಬಾಯಿಯ ಹೆಸರಿನ ಕೆಳಗಿನ ಸೊನ್ನೆ ಹೋಗಿತ್ತು. ಒಂದು ಸಾವಿರದ ನೂರಾ ನಲವತ್ತಾರು ಎಂದಿತ್ತು. ಮಾಲತೇಶ ಆ ಅಂಕಿಯನ್ನು ಬಾಯಿ ತೆರೆದು ನೋಡಿದ. ಇಷ್ಟೂ ಮಂದಿ ಇಷ್ಟು ವರ್ಷ ಅವಳಿಗಾಗಿ ಕಾದಿದ್ದರು, ಅವನ ಬಾಯಿಂದ ಒಂದು ಮಾತು ಬರಲಿ ಎಂದು. ಭಯವೋ ಸಂತೋಷವೋ ತಿಳಿಯದೆ ಅವನ ಕಣ್ಣು ತುಂಬಿ ಪರದೆಯ ಗೆರೆಗಳೆಲ್ಲ ನೀರಿನ ಸೆಳೆತದ ಹಾಗೆ ಹರಿದಾಡಿದವು. ದಂಡೀ ನೋಡು, ದಂಡೀ ನೋಡು ಎಂದುಕೊಂಡು ಅವನು ಆ ಒಂದು ಹೆಸರಿನ ಮೇಲೆ ಕಣ್ಣು ನೆಟ್ಟು ನಿಂತ.

ಸ್ವಲ್ಪ ಹೊತ್ತಾದ ಮೇಲೆ ಕೂತು, ಪ್ರತಿ ಹಾಳೆಗೂ ಸಹಿ ಮಾಡಿದ. ಕ್ರಮಸಂಖ್ಯೆ ಮುನ್ನೂರ ಎಂಬತ್ತೇಳು ಬಂದಾಗ ಅದರ ಮೇಲೆ ಅಡ್ಡಗೆರೆ ಎಳೆದ.

“ಅಯ್ಯ, ಅದನ್ನ ಯಾಕ ಹೊಡದ್ರಿ ಕಾಕಾರ? ಅದಕ್ಕೂ ನಿಮ್ಮ ಒಪ್ಪಿಗಿ ಬೇಕಲ್ರಿ” ಅಂದಳು ಶ್ರದ್ಧಾ.

“ಇಷ್ಟ ದಿನ ಅದೊಂದ ನಂದಾಗಿತ್ತು ತಂಗಿ, ನಾನ ಕಟ್ಟಿದ್ದು. ಈಗ ಖರೇ ಆತು. ಖರೇ ಸಂಗತಿ ಮ್ಯಾಲೆ ಯಾರಿಗೂ ಹಕ್ಕಿಲ್ಲಂತ ರಾಯರ ಹೇಳ್ಯಾರಲ್ಲ. ಯಾರು ಬೇಕಾದವರು ಬರಕೊಳ್ಳಲಿ.”

ಊಟಕ್ಕೆ ಏಳಿ ಎಂದು ಅವರು ಎಷ್ಟು ಹೇಳಿದರೂ ಅವನು ಚಪ್ಪಲಿ ಮೆಟ್ಟಿದ. ರೋಣಕ್ಕೆ ಒಂದೂವರೆಗೆ ಬಸ್ಸು ಇದೆ, ಅಲ್ಲಿಂದ ಹೊಳೆಮಣ್ಣೂರಿಗೆ ಸಂಜೆಯೊಳಗೆ ಮುಟ್ಟಬಹುದು. ಮೋದಿನಸಾಬ ಇದ್ದಾನೋ ಇಲ್ಲವೋ. ಪತ್ರಿಕೆ ನಿಂತಾಗಿನಿಂದ ಯಾರು ಹೋದರು ಯಾರು ಉಳಿದರು ಎಂದು ತಿಳಿಯಲು ಹೋಗಿಯೇ ನೋಡಬೇಕು. ಇದ್ದರೆ, ಮಣ್ಣು ಮಾಡಿದ ಜಾಗ ತೋರಿಸು ಎಂದು ಕೇಳಬೇಕು. ಈ ಸಲ ಎರಡೂ ಕೈ ಖಾಲಿ ಇರಲಿ ಎಂದು ಜೇಬಿನಲ್ಲಿದ್ದ ಪೆನ್ನುಗಳೆರಡನ್ನೂ ತೆಗೆದು ಶ್ರದ್ಧಾಳ ಮೇಜಿನ ಮೇಲಿಟ್ಟ.

“ಈ ಬಿಸಲಾಗ ಎಲ್ಲಿಗೆ ಹೊಂಟ್ರಿ?” ಎಂದು ರಾಯರು ಜೋಕಾಲಿಯಿಂದ ಎದ್ದು ಬಾಗಿಲ ತನಕ ಬಂದರು.

“ಹೊಳೆಮಣ್ಣೂರಿಗೆ ಹೋಗಿ ಬರ್ತೀನ್ರಿ. ಅಲ್ಲೊಬ್ಬರು ಹಾದಿ ನೋಡಾಕತ್ತಿದ್ರು” ಅಂದ ಮಾಲತೇಶ. “ಪೇಪರಿನ್ಯಾಗ ಓದಿ ಬಂದೆ ಅಂತ ಹೇಳಬೇಕು.”